ಪತ್ರಿಕಾಕರ್ತ ಹೊರೇಸ್ ಗ್ರೀಲಿ

ಲೋಕದಲ್ಲಿ ಅಧಿಕಾರವು ಎರಡು ರೂಪಗಳಲ್ಲಿ ಕಾಣುತ್ತದೆ. ಒಂದು, ಆಜ್ಞೆ ಮಾಡುವ ಅಧಿಕಾರ. ಅದಕ್ಕೆ ಮೊಹರು, ಕಚೇರಿ, ಡವಾಲಿ ತೊಟ್ಟ ಜವಾನರು, ಎಲ್ಲವೂ ಉಂಟು. ಇನ್ನೊಂದು, ಮನವೊಲಿಸುವ ಅಧಿಕಾರ; ಅದಕ್ಕಿರುವ ಆಸರೆ ಕೇಳುವವರ ನಂಬಿಕೆಯೊಂದೇ. ವೃತ್ತಪತ್ರಿಕೆಯ ಸಂಪಾದಕನಿಗೆ ದೊರೆಯುವುದು ಈ ಎರಡನೆಯದು. ಬೆಳಗ್ಗೆ ಕಾಸು ಕೊಟ್ಟು ಪತ್ರಿಕೆಯನ್ನು ಕೊಳ್ಳುವ ಓದುಗನು ಆ ದಿನದ ಮಟ್ಟಿಗೆ ಸಂಪಾದಕನ ಮಾತಿಗೆ ಕಿವಿಗೊಡಲು ಒಪ್ಪಿರುತ್ತಾನೆ. ಮರುದಿನ ಬೇಡವೆನಿಸಿದರೆ ಕಾಸನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುತ್ತಾನೆ. ಇಂತಹ ನಂಬಿಕೆಯನ್ನು ದಿನದಿನವೂ ಗಳಿಸಿ ಮೂವತ್ತು ವರ್ಷ ಉಳಿಸಿಕೊಂಡವನೊಬ್ಬನು ಅದನ್ನೇ ಬಂಡವಾಳವಾಗಿ ಹೂಡಿ ಮೊದಲನೆಯ ಬಗೆಯ ಅಧಿಕಾರವನ್ನು ಪಡೆಯಬಲ್ಲನೆ? ಪಡೆಯಲೆತ್ನಿಸಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಬಾಳಿದ ಹೊರೇಸ್ ಗ್ರೀಲಿಯ ಚರಿತ್ರೆಯು ಕೊಡುವಷ್ಟು ಸ್ಪಷ್ಟವಾದ ಉತ್ತರವನ್ನು ಬೇರೆ ಚರಿತ್ರೆಗಳು ಕೊಡುವುದು ವಿರಳ. ಅವನ ಹೆಸರು ನಮ್ಮಲ್ಲಿ ಹೆಚ್ಚು ಪರಿಚಿತವಲ್ಲ. ಆದರೆ ಅವನ ಕಾಲದಲ್ಲಿ ಅವನ ಅಭಿಪ್ರಾಯವನ್ನು ವಿಚಾರಿಸದೆ ಮುಂದೆ ಹೆಜ್ಜೆಯಿಡಲು ಅಲ್ಲಿಯ ರಾಷ್ಟ್ರಾಧ್ಯಕ್ಷರೂ ಹಿಂದುಮುಂದು ನೋಡುತ್ತಿದ್ದರು.

ಗ್ರೀಲಿ ಹುಟ್ಟಿದ್ದು 1811ನೆಯ ಇಸವಿ ಫೆಬ್ರವರಿ 3ರಂದು, ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಆಮ್‌ಹರ್ಸ್ಟ್ ಎಂಬ ಊರಿನ ಬಳಿ. ತಂದೆ ಬಡ ಒಕ್ಕಲಿಗ. ಕಲ್ಲುನೆಲದಲ್ಲಿ ಬೆಳೆದ ಬೆಳೆ ಹೊಟ್ಟೆಗೆ ಸಾಲದೆ, ಸಾಲ ಬೆಳೆದು, ಹೊಲ ಕೈಬಿಟ್ಟು ಹೋಯಿತು. ಕುಟುಂಬವು ಊರು ತೊರೆದು ನೆರೆಯ ವರ್ಮಾಂಟ್ ಸಂಸ್ಥಾನವನ್ನು ಸೇರಿತು. ಹುಡುಗನಿಗೆ ಶಾಲೆಯ ಓದು ದೊರೆತದ್ದು ಅಷ್ಟಕ್ಕಷ್ಟೆ. ಆದರೆ ಅಕ್ಷರವೆಂದರೆ ಅವನಿಗೆ ಹಸಿವು. ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿ ಮುಗಿಸುತ್ತಿದ್ದನು. ಹದಿನೈದನೆಯ ವಯಸ್ಸಿನಲ್ಲಿ, 1826ರಲ್ಲಿ, ಈಸ್ಟ್ ಪೌಲ್ಟ್‌ನಿ ಎಂಬ ಗ್ರಾಮದ ಸಣ್ಣ ಪತ್ರಿಕೆಯೊಂದರ ಅಚ್ಚುಕೂಟದಲ್ಲಿ ಕೆಲಸ ಕಲಿಯುವ ಹುಡುಗನಾಗಿ ಸೇರಿದನು. ಅಚ್ಚುಕೂಟವೇ ಅವನ ಕಾಲೇಜಾಯಿತು. ಮೊಳೆ ಜೋಡಿಸುತ್ತ ಜೋಡಿಸುತ್ತ ದೇಶದ ರಾಜಕೀಯ, ಸುಂಕದ ವಾದಗಳು, ಚುನಾವಣೆಯ ಅಂಕಿಸಂಖ್ಯೆಗಳು, ಎಲ್ಲವೂ ಅವನಿಗೆ ಕಂಠಪಾಠವಾದುವು. ನಾಲ್ಕು ವರ್ಷಗಳ ಮೇಲೆ ಆ ಪತ್ರಿಕೆ ನಿಂತುಹೋಯಿತು. 1831ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷದ ತರುಣನು ಸುಮಾರು ಹತ್ತು ಡಾಲರು ಮಾತ್ರ ಕೈಯಲ್ಲಿಟ್ಟುಕೊಂಡು ನ್ಯೂಯಾರ್ಕ್ ನಗರಕ್ಕೆ ಬಂದನು. ಅಲ್ಲಿ ಅವನನ್ನು ಬಲ್ಲವರಿರಲಿಲ್ಲ. ಅವನ ನಡೆ ಉಡುಪುಗಳಾದರೋ ನೋಡಿದವರು ನಗುವಂತಿದ್ದುವು. ಮುಂದೆ ಪ್ರಸಿದ್ಧನಾದ ಮೇಲೆಯೂ ಆ ಹಳ್ಳಿಗನ ಚರ್ಯೆ ಮಾಸಲಿಲ್ಲ. ದುಂಡು ಮುಖ, ಕನ್ನಡಕ, ಬಿಳಿಯ ಟೋಪಿ, ಬಿಳಿಯ ನಿಲುವಂಗಿ, ಇವು ಅವನ ಗುರುತಾಗಿಯೇ ಉಳಿದುವು. ಅವನ ಕೈಬರಹವಂತೂ ಅಚ್ಚುಕೂಟದವರಿಗೆ ಜೀವಮಾನದ ಶಿಕ್ಷೆಯಾಗಿತ್ತು.

ಕೆಲವು ವರ್ಷ ಕೂಲಿಗೆ ಮೊಳೆ ಜೋಡಿಸಿ, 1834ರಲ್ಲಿ ಅವನು 'ನ್ಯೂಯಾರ್ಕರ್' ಎಂಬ ಸಾಹಿತ್ಯಪ್ರಧಾನವಾದ ವಾರಪತ್ರಿಕೆಯನ್ನು ಆರಂಭಿಸಿದನು. ಇಂದು ಅದೇ ಹೆಸರಿನಿಂದ ಪ್ರಸಿದ್ಧವಾಗಿರುವ ಪತ್ರಿಕೆ ಬೇರೆ. ಗ್ರೀಲಿಯ ಪತ್ರಿಕೆಗೆ ಹೆಸರು ಬಂತು, ಹಣ ಬರಲಿಲ್ಲ. 1837ರಲ್ಲಿ ದೇಶವನ್ನೆಲ್ಲ ಕವಿದ ಆರ್ಥಿಕ ದುರವಸ್ಥೆಯಲ್ಲಿ ಚಂದಾದಾರರು ಚಂದಾ ಕೊಡುವುದನ್ನೇ ಮರೆತರು. ಆ ಕಷ್ಟದ ದಿನಗಳಲ್ಲಿ ಅವನನ್ನು ಹುಡುಕಿಕೊಂಡು ಬಂದವನು ಥರ್ಲೊ ವೀಡ್. ಈತನು ಆಲ್ಬನಿ ನಗರದ ಪತ್ರಿಕಾಕರ್ತ. ವ್ಹಿಗ್ ಪಕ್ಷದ ಸೂತ್ರಧಾರ. ತಾನು ಯಾವ ದೊಡ್ಡ ಪದವಿಯನ್ನೂ ಹಿಡಿಯದೆ ಇತರರನ್ನು ಪದವಿಗೇರಿಸುವುದರಲ್ಲಿ ಪ್ರವೀಣ. ವೀಡನೂ, ಅವನ ಸ್ನೇಹಿತನಾದ ವಿಲಿಯಂ ಸೂವರ್ಡನೂ, ಗ್ರೀಲಿಯೂ ಸೇರಿ ಒಂದು ರಾಜಕೀಯ ಕೂಟವಾಯಿತು. ಪಕ್ಷಕ್ಕಾಗಿ ಗ್ರೀಲಿ 1838ರಲ್ಲಿ ಒಂದು, 1840ರಲ್ಲಿ ಮತ್ತೊಂದು ಪತ್ರಿಕೆಯನ್ನು ನಡೆಸಿದನು. ಎರಡನೆಯದರ ಹೆಸರು 'ಲಾಗ್ ಕ್ಯಾಬಿನ್', ಎಂದರೆ ಮರದ ದಿಮ್ಮಿಗಳ ಗುಡಿಸಲು. ರಾಷ್ಟ್ರಾಧ್ಯಕ್ಷ ಪದವಿಗೆ ನಿಂತಿದ್ದ ಹ್ಯಾರಿಸನ್ನನನ್ನು ಬಡವರ ಬಂಧುವೆಂದು ಹೊಗಳುವುದು ಅದರ ಕೆಲಸ. ಹ್ಯಾರಿಸನ್ ಗೆದ್ದನು. ಸೂವರ್ಡನು ಆಗಲೇ ನ್ಯೂಯಾರ್ಕ್ ಸಂಸ್ಥಾನದ ಗವರ್ನರ್ ಆಗಿದ್ದನು. ಗೆಲುವಿನ ಫಲವನ್ನು ಹಂಚುವಾಗ ಪತ್ರಿಕೆಯವನಿಗೆ ಏನೂ ಬರಲಿಲ್ಲ. ಅವನು ಬಾಯಿಬಿಟ್ಟು ಕೇಳಲಿಲ್ಲ. ಆದರೆ ಮರೆಯಲೂ ಇಲ್ಲ. ಈ ಸಣ್ಣ ಕಹಿಯನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಬೆಳೆಯಿತು.

1841ನೆಯ ಇಸವಿ ಏಪ್ರಿಲ್ 10ರಂದು ಗ್ರೀಲಿ ತನ್ನ ಜೀವಿತಕಾರ್ಯವಾದ 'ನ್ಯೂಯಾರ್ಕ್ ಟ್ರಿಬ್ಯೂನ್' ದಿನಪತ್ರಿಕೆಯನ್ನು ಹೊರಡಿಸಿದನು. ಆರು ದಿನಗಳ ಹಿಂದೆಯಷ್ಟೆ ಹ್ಯಾರಿಸನ್ ಅಧ್ಯಕ್ಷ ಪದವಿಯಲ್ಲಿ ಒಂದು ತಿಂಗಳು ತುಂಬುತ್ತಲೇ ತೀರಿಕೊಂಡಿದ್ದನು. ನ್ಯೂಯಾರ್ಕ್ ನಗರವು ಶೋಕಯಾತ್ರೆ ನಡೆಸಿದ ದಿನವೇ ಪತ್ರಿಕೆಯ ಜನ್ಮದಿನವಾಯಿತು. ಮೊದಲ ಸಂಚಿಕೆಯ 5,000 ಪ್ರತಿಗಳಲ್ಲಿ ಹೆಚ್ಚಿನವನ್ನು ಪುಕ್ಕಟೆಯಾಗಿ ಹಂಚಬೇಕಾಯಿತು. ಬೆಲೆ ಒಂದು ಸೆಂಟು. ಆ ಬೆಲೆಯ ಪತ್ರಿಕೆಗಳು ಅದಕ್ಕೆ ಮುಂಚೆಯೂ ಇದ್ದುವು. 1833ರಲ್ಲಿ 'ಸನ್', 1835ರಲ್ಲಿ 'ಹೆರಲ್ಡ್' ಹುಟ್ಟಿ, ಕೊಲೆ, ಕಳವು, ನ್ಯಾಯಾಲಯದ ಅಪವಾದಗಳನ್ನು ಬಡವನ ಮನೆಬಾಗಿಲಿಗೆ ತಲುಪಿಸುತ್ತಿದ್ದುವು. ಗ್ರೀಲಿ ಮಾಡಿದ ಸಾಹಸವೆಂದರೆ, ಬಡವನೂ ಕೊಳ್ಳಬಲ್ಲ ಬೆಲೆಗೆ ವಿಚಾರವನ್ನು ಮಾರಬಹುದು ಎಂದು ನಂಬಿದ್ದು. ವ್ಯಾಪಾರದ ಲೆಕ್ಕ ಅವನಿಗೆ ತಿಳಿಯುತ್ತಿರಲಿಲ್ಲ. ಅದೃಷ್ಟವಶದಿಂದ ಅದೇ ವರ್ಷ ಥಾಮಸ್ ಮೆಕ್‌ಎಲ್ರಾತ್ ಎಂಬವನು ಪಾಲುದಾರನಾಗಿ ಬಂದು ಜಮಾಖರ್ಚನ್ನು ವಹಿಸಿಕೊಂಡನು. ಸಂಪಾದಕನು ಲೇಖನಿಯನ್ನೂ ಪಾಲುದಾರನು ಬೊಕ್ಕಸವನ್ನೂ ಹಿಡಿದುದರಿಂದ ಪತ್ರಿಕೆ ನಿಂತಿತು.

ಆ ಪತ್ರಿಕೆಯಲ್ಲಿ ಏನು ತಾನೆ ಬರುತ್ತಿರಲಿಲ್ಲ! ದೇಶೀಯ ಕೈಗಾರಿಕೆಗಳ ರಕ್ಷಣೆಗಾಗಿ ಸುಂಕ, ಪಾನನಿರೋಧ, ಕೂಲಿಗಾರರ ಸಂಘಗಳು, ಸಹಕಾರದ ಪ್ರಯೋಗಗಳು, ಸಸ್ಯಾಹಾರ, ಉತ್ತಮ ಗೊಬ್ಬರ, ಎಲ್ಲಕ್ಕಿಂತ ಮಿಗಿಲಾಗಿ ಗುಲಾಮಗಿರಿಯ ಖಂಡನೆ. 1844ರಲ್ಲಿ ಅವನು ಮಾರ್ಗರೆಟ್ ಫುಲ್ಲರ್ ಎಂಬ ವಿದುಷಿಯನ್ನು ಸಾಹಿತ್ಯ ವಿಮರ್ಶೆಗಾಗಿ ನೇಮಿಸಿಕೊಂಡನು; ಹೆಂಗಸಿಗೆ ಇಂತಹ ಸ್ಥಾನ ಅಂದಿನ ಪತ್ರಿಕೆಗಳಲ್ಲಿ ಅಪೂರ್ವ. 1849ರಲ್ಲಿ ಪತ್ರಿಕೆಯ ಒಡೆತನವನ್ನು ನೂರು ಷೇರುಗಳಾಗಿ ವಿಂಗಡಿಸಿ, ಅಲ್ಲಿ ದುಡಿಯುವವರೂ ಪಾಲು ಕೊಳ್ಳುವಂತೆ ಮಾಡಿದನು. 1850ರಲ್ಲಿ ನ್ಯೂಯಾರ್ಕಿನ ಮುದ್ರಣ ಕೆಲಸಗಾರರು ಸಂಘ ಕಟ್ಟಿಕೊಂಡಾಗ ಅದರ ಮೊದಲನೆಯ ಅಧ್ಯಕ್ಷನಾದವನು ಈ ಮಾಲೀಕನೇ. ನಗರದ ದಿನಪತ್ರಿಕೆಗಿಂತಲೂ ಹಳ್ಳಿಗಾಡಿಗೆ ಅಂಚೆಯಲ್ಲಿ ಹೋಗುತ್ತಿದ್ದ ಅದರ ವಾರದ ಸಂಚಿಕೆ ಹೆಚ್ಚು ಪ್ರಭಾವಶಾಲಿಯಾಯಿತು. 1860ರ ಹೊತ್ತಿಗೆ ಸುಮಾರು 2,00,000 ಪ್ರತಿಗಳು ಉತ್ತರದ ಒಕ್ಕಲುಮನೆಗಳನ್ನು ಸೇರುತ್ತಿದ್ದುವು. ಒಂದು ಪ್ರತಿಯನ್ನು ಮನೆಮಂದಿಯೆಲ್ಲ ಓದಿ ನೆರೆಮನೆಗೆ ಕೊಡುತ್ತಿದ್ದರು.

ಭಾರತೀಯರಾದ ನಾವು ಆಸಕ್ತಿಯಿಂದ ಗಮನಿಸಬೇಕಾದ ಸಂಗತಿ ಇಲ್ಲಿಯೇ ಇದೆ. 1850ರ ದಶಕದಲ್ಲಿ ಈ ಪತ್ರಿಕೆಯ ಯೂರೋಪಿನ ಬಾತ್ಮೀದಾರರಲ್ಲಿ ಒಬ್ಬನು, ಲಂಡನ್ನಿನಲ್ಲಿ ಬಡತನದಿಂದ ದಿನ ನೂಕುತ್ತಿದ್ದ ಜರ್ಮನ್ ದೇಶಭ್ರಷ್ಟ, ಕಾರ್ಲ್ ಮಾರ್ಕ್ಸ್. ಗ್ರೀಲಿಯ ಸಹಾಯಕ ಸಂಪಾದಕನಾದ ಚಾರ್ಲ್ಸ್ ಡೇನಾ ಅವನನ್ನು ಗೊತ್ತುಮಾಡಿದ್ದನು. ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು ಪಾರ್ಲಿಮೆಂಟಿನ ಮುಂದೆ ಚರ್ಚೆಗೆ ಬಂದಿದ್ದ 1853ನೆಯ ಇಸವಿಯಲ್ಲಿ, ಜೂನ್ 25ರ ಟ್ರಿಬ್ಯೂನಿನಲ್ಲಿ, ಭಾರತದಲ್ಲಿ ಬ್ರಿಟಿಷರ ಆಳ್ವಿಕೆಯನ್ನು ಕುರಿತ ಮಾರ್ಕ್ಸನ ಲೇಖನ ಅಚ್ಚಾಯಿತು. 1857ರ ದಂಗೆಯ ಮೇಲೆಯೂ ಮಾರ್ಕ್ಸ್ ಮತ್ತು ಎಂಗೆಲ್ಸ್ ಇಬ್ಬರೂ ಅದರಲ್ಲಿ ಬರೆದರು. ನಮ್ಮ ಗ್ರಾಮವ್ಯವಸ್ಥೆ, ಕೈಮಗ್ಗದ ನಾಶ, ಕಂಪೆನಿಯ ಕಂದಾಯ, ಇವುಗಳ ವಿಚಾರವನ್ನು ಅಮೆರಿಕದ ಒಕ್ಕಲಿಗನೊಬ್ಬನು ತನ್ನ ಒಲೆಯ ಮುಂದೆ ಕುಳಿತು ಓದುವಂತಾದುದು ಗ್ರೀಲಿಯ ಪತ್ರಿಕೆಯ ಔದಾರ್ಯದಿಂದ. ಮಾರ್ಕ್ಸನ ಸಿದ್ಧಾಂತಗಳನ್ನು ಗ್ರೀಲಿ ಒಪ್ಪಿದವನಲ್ಲ. ಒಪ್ಪದ ಮಾತಿಗೂ ತನ್ನ ಪತ್ರಿಕೆಯಲ್ಲಿ ಸ್ಥಳ ಕೊಡುವುದು ಅವನ ಧರ್ಮವಾಗಿತ್ತು.

ಇಂತಹವನಿಗೆ ಶಾಸನಸಭೆಯನ್ನು ಪ್ರವೇಶಿಸುವ ಅವಕಾಶ ಒಮ್ಮೆ ಮಾತ್ರ ದೊರೆಯಿತು. ತೆರವಾದ ಒಂದು ಸ್ಥಾನಕ್ಕೆ ಚುನಾಯಿತನಾಗಿ, 1848ರ ಡಿಸೆಂಬರಿನಿಂದ 1849ರ ಮಾರ್ಚಿಯವರೆಗೆ ಮೂರು ತಿಂಗಳ ಕಾಲ ವಾಷಿಂಗ್ಟನ್ನಿನಲ್ಲಿ ಕಾಂಗ್ರೆಸ್ಸಿನ ಸದಸ್ಯನಾಗಿದ್ದನು. ಅಮೆರಿಕದಲ್ಲಿ ಕಾಂಗ್ರೆಸ್ಸೆಂದರೆ ಪಕ್ಷವಲ್ಲ, ರಾಷ್ಟ್ರದ ಶಾಸನಸಭೆ ಎಂಬುದನ್ನು ಶ್ರೋತೃಗಳು ಬಲ್ಲರು. ಸದಸ್ಯರಿಗೆ ಊರಿನಿಂದ ರಾಜಧಾನಿಗೆ ಬಂದುಹೋಗಲು ಮೈಲಿಯ ಲೆಕ್ಕದಲ್ಲಿ ಭತ್ಯವಿತ್ತು. ಗ್ರೀಲಿ ಅಂಚೆಯ ಅತಿ ಹತ್ತಿರದ ಹಾದಿಯ ದೂರವನ್ನೂ, ಸದಸ್ಯರು ತೆಗೆದುಕೊಂಡಿದ್ದ ಭತ್ಯದ ದೂರವನ್ನೂ ಪಕ್ಕಪಕ್ಕದಲ್ಲಿ ಬರೆದು, ಒಬ್ಬೊಬ್ಬನ ಹೆಸರನ್ನೂ ಎತ್ತಿ, ಡಿಸೆಂಬರ್ 22ರ ತನ್ನ ಪತ್ರಿಕೆಯಲ್ಲಿ ಅಚ್ಚುಹಾಕಿಸಿದನು. ಬೇಲಿಯೇ ಎದ್ದು ಹೊಲ ಮೇಯ್ದುದು ಲೋಕಕ್ಕೆ ತಿಳಿಯಿತು. ಪಟ್ಟಿಯಲ್ಲಿ ಅವನ ಪಕ್ಷದವರೂ ಇದ್ದರು. ಇಲಿನಾಯ್ ಸಂಸ್ಥಾನದಿಂದ ಬಂದಿದ್ದ ಏಬ್ರಹಾಂ ಲಿಂಕನ್ ಎಂಬ ಅಪ್ರಸಿದ್ಧ ಸದಸ್ಯನೂ ಇದ್ದನು. ಸಭೆಯಲ್ಲಿ ರೋಷ ಭುಗಿಲೆದ್ದಿತು. ಆ ದಿನದಿಂದ ಗ್ರೀಲಿಯೊಡನೆ ಕೈಜೋಡಿಸಲು ಸದಸ್ಯರು ಹಿಂಜರಿದರು. ಪಡುವಣ ಪ್ರಾಂತದ ಸರ್ಕಾರಿ ಜಮೀನನ್ನು ಸಾಗುವಳಿಗಾರರಿಗೆ ಹಂಚಬೇಕೆಂದು ಅವನು ತಂದ ಮಸೂದೆಗೂ ಬೆಂಬಲ ಸಿಗಲಿಲ್ಲ. ಪತ್ರಿಕಾಕರ್ತನಾಗಿ ಅವನು ಮಾಡಿದುದು ಪರಮಧರ್ಮ. ಸದಸ್ಯನಾಗಿ ಅದು ಆತ್ಮಘಾತ. ಸಂಪಾದಕನು ಒಬ್ಬನೇ ನಿಂತು ನುಡಿಯಬಲ್ಲನು. ಸಭೆಯಲ್ಲಿ ಹತ್ತು ಜನರ ಕೈ ಎತ್ತಿಸದೆ ಏನೂ ನಡೆಯದು. ಎರಡೂ ವೃತ್ತಿಗಳಿಗೆ ಬೇಕಾದ ಗುಣಗಳು ಬೇರೆ ಬೇರೆ ಎಂಬ ಪಾಠ ಆಗಲೇ ಕಣ್ಣೆದುರಿಗೆ ಬಂದಿತ್ತು. ಗ್ರೀಲಿ ಅದನ್ನು ಓದಲಿಲ್ಲ.

ಪದವಿಯ ಆಸೆ ಅವನನ್ನು ಬಿಡಲಿಲ್ಲ. 1854ರಲ್ಲಿ ಗವರ್ನರ್ ಪದವಿಗೆ ತನ್ನನ್ನು ನಿಲ್ಲಿಸಬೇಕೆಂದು ವೀಡನಿಗೆ ಸೂಚಿಸಿದನು, ವೀಡನು ಒಪ್ಪಲಿಲ್ಲ. ಅಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಉಪಗವರ್ನರ್ ಪದವಿಗೆ ಪಕ್ಷವು ಆರಿಸಿದುದು ಹೆನ್ರಿ ರೇಮಂಡನನ್ನು. ಈ ರೇಮಂಡನು ಹಿಂದೆ ಗ್ರೀಲಿಯ ಕೈಕೆಳಗೆ ದುಡಿದು, 1851ರಲ್ಲಿ 'ಟೈಮ್ಸ್' ಪತ್ರಿಕೆಯನ್ನು ಕಟ್ಟಿ, ಅವನಿಗೇ ಪ್ರತಿಸ್ಪರ್ಧಿಯಾಗಿದ್ದವನು. ನವೆಂಬರ್ 11ರಂದು ಗ್ರೀಲಿ ಸೂವರ್ಡನಿಗೆ ದೀರ್ಘವಾದ ಕಾಗದ ಬರೆದು, ಮೂವರ ರಾಜಕೀಯ ಪಾಲುದಾರಿಕೆಯಿಂದ ಕಿರಿಯ ಪಾಲುದಾರನಾದ ತಾನು ಹೊರಬೀಳುವುದಾಗಿ ತಿಳಿಸಿದನು. ಆರು ವರ್ಷಗಳ ಬಳಿಕ ಆ ಕಾಗದದ ಬಡ್ಡಿ ತೀರಿತು. 1860ರ ಮೇ ತಿಂಗಳಲ್ಲಿ ಹೊಸದಾದ ರಿಪಬ್ಲಿಕನ್ ಪಕ್ಷದ ಮಹಾಸಭೆ ಚಿಕಾಗೋ ನಗರದಲ್ಲಿ ಸೇರಿತು. ಸೂವರ್ಡನೇ ಅಧ್ಯಕ್ಷ ಪದವಿಯ ಉಮೇದುವಾರನಾಗುವನೆಂದು ಎಲ್ಲರೂ ನಂಬಿದ್ದರು. ನ್ಯೂಯಾರ್ಕಿನ ಪ್ರತಿನಿಧಿಯಾಗಲು ವೀಡನು ಬಿಡದಿದ್ದುದರಿಂದ, ದೂರದ ಆರೆಗನ್ನಿನ ಪ್ರತಿನಿಧಿಯಾಗಿ ಗ್ರೀಲಿ ಅಲ್ಲಿಗೆ ಬಂದು, ಸೂವರ್ಡನು ಗೆಲ್ಲಲಾರನೆಂದು ಬಿಡಾರದಿಂದ ಬಿಡಾರಕ್ಕೆ ಹೇಳುತ್ತ ಹೋದನು. ಅವನು ಬಯಸಿದ್ದು ಮಿಸೌರಿಯ ಬೇಟ್ಸ್ ಎಂಬವನನ್ನು. ಆರಿಸಿಬಂದವನು, ಹನ್ನೊಂದು ವರ್ಷಗಳ ಹಿಂದೆ ಭತ್ಯದ ಪಟ್ಟಿಯಲ್ಲಿ ಹೆಸರು ಕಾಣಿಸಿಕೊಂಡಿದ್ದ ಲಿಂಕನ್. ಮರುವರ್ಷ ಗ್ರೀಲಿ ಸೆನೆಟ್ ಸಭೆಯ ಸ್ಥಾನಕ್ಕೆ ಪ್ರಯತ್ನಿಸಿದಾಗ ವೀಡನು ತನ್ನ ಕಡೆಯ ಮತಗಳನ್ನು ಬೇರೊಬ್ಬನಿಗೆ ತಿರುಗಿಸಿ ಅವನನ್ನು ಸೋಲಿಸಿದನು. ಮುಯ್ಯಿಗೆ ಮುಯ್ಯಿ ತೀರಿತು.

ಅಂತರ್ಯುದ್ಧದ ನಾಲ್ಕು ವರ್ಷಗಳು ಗ್ರೀಲಿಯ ಶಕ್ತಿಯನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ತೋರಿಸಿದುವು. 1861ರ ಬೇಸಿಗೆಯಲ್ಲಿ, ದಕ್ಷಿಣದವರ ರಾಜಧಾನಿಯಾದ ರಿಚ್‌ಮಂಡಿಗೆ ಕೂಡಲೇ ದಂಡೆತ್ತಬೇಕೆಂದು ಅವನ ಪತ್ರಿಕೆ ದಿನವೂ ದಪ್ಪ ಅಕ್ಷರಗಳಲ್ಲಿ ಕೂಗಿತು. ಆ ಘೋಷಣೆಯನ್ನು ಬರೆದವನು ಗ್ರೀಲಿಯಲ್ಲ, ಅವನ ಸಿಬ್ಬಂದಿಯವನು; ಆದರೆ ಪತ್ರಿಕೆ ಅವನದು. ಪಳಗದ ಸೈನ್ಯವು ಹೊರಟು, ಜುಲೈ 21ರಂದು ಬುಲ್ ರನ್ ಎಂಬ ಹಳ್ಳದ ಬಳಿ ಸೋತು ಓಡಿಬಂತು. ಗ್ರೀಲಿ ತತ್ತರಿಸಿಹೋದನು. ಸೇನಾಪತಿಗಳಿಗೆ ಯುದ್ಧವಿದ್ಯೆಯನ್ನು ಬೋಧಿಸುವ ಕೆಲಸವನ್ನು ತನ್ನ ಪತ್ರಿಕೆ ಇನ್ನು ಮಾಡದೆಂದು ಪ್ರಕಟಿಸಿ, ಲಿಂಕನ್ನನಿಗೆ ಹತಾಶೆ ತುಂಬಿದ ಕಾಗದವನ್ನೂ ಬರೆದನು. ದಂಡೆತ್ತಿ ಹೋಗೆಂದವನ ಬಾಯಲ್ಲಿಯೇ ಕೆಲವು ದಿನಗಳಲ್ಲಿ ಸಂಧಿಯ ಮಾತು ಬಂದಿತ್ತು.

ಆದರೆ ಮರುವರ್ಷ ಅವನ ಲೇಖನಿ ಇತಿಹಾಸದಲ್ಲಿ ನಿಲ್ಲುವ ಕೆಲಸ ಮಾಡಿತು. 1862ರ ಆಗಸ್ಟ್ 20ರಂದು, ಎರಡು ಕೋಟಿ ಜನರ ಪ್ರಾರ್ಥನೆ ಎಂಬ ಶಿರೋನಾಮೆಯಿಂದ ಲಿಂಕನ್ನನಿಗೆ ಬಹಿರಂಗ ಪತ್ರವನ್ನು ಪ್ರಕಟಿಸಿ, ಗುಲಾಮರ ಬಿಡುಗಡೆಯ ವಿಷಯದಲ್ಲಿ ಆಗಲೇ ಇರುವ ಶಾಸನಗಳನ್ನು ಜಾರಿಗೆ ತರದಿರುವುದೇಕೆಂದು ನೇರವಾಗಿ ಕೇಳಿದನು. ಎರಡು ದಿನಗಳಲ್ಲಿ ಲಿಂಕನ್ ಉತ್ತರ ಬರೆದನು. ಒಕ್ಕೂಟದ ರಕ್ಷಣೆಯೇ ತನ್ನ ಮುಖ್ಯೋದ್ದೇಶ. ಗುಲಾಮರನ್ನು ಬಿಡಿಸುವುದೂ ಬಿಡಿಸದಿರುವುದೂ ಅದಕ್ಕೆ ಅಧೀನ. ಇದು ಪದವಿಯ ಕರ್ತವ್ಯ. ಎಲ್ಲ ಮನುಷ್ಯರೂ ಸ್ವತಂತ್ರರಾಗಬೇಕೆಂಬ ತನ್ನ ಸ್ವಂತ ಅಭಿಲಾಷೆ ಬದಲಾಗಿಲ್ಲ. ಇದು ಆ ಉತ್ತರದ ಸಾರಾಂಶ. ವಿಮೋಚನೆಯ ಘೋಷಣೆಯ ಕರಡನ್ನು ಲಿಂಕನ್ ಒಂದು ತಿಂಗಳ ಹಿಂದೆಯೇ ತನ್ನ ಮಂತ್ರಿಗಳಿಗೆ ಓದಿ ತೋರಿಸಿದ್ದನು. ರಣರಂಗದಲ್ಲಿ ಒಂದು ಗೆಲುವು ದೊರೆಯಲೆಂದು ಕಾಯುತ್ತಿದ್ದನು. ಈ ರಹಸ್ಯ ಗ್ರೀಲಿಗೆ ತಿಳಿಯದು. ಸೆಪ್ಟೆಂಬರ್ 22ರಂದು ಘೋಷಣೆ ಹೊರಬಿತ್ತು. 1863ರ ಜನವರಿ 1ರಿಂದ ಜಾರಿಗೆ ಬಂತು. ಇಲ್ಲಿ ಯಾರು ದೊಡ್ಡವರು ಎಂದು ಕೇಳುವುದು ವ್ಯರ್ಥ. ಧರ್ಮವಾದುದನ್ನು ಇಂದೇ ಮಾಡೆಂದು ಒತ್ತಾಯಿಸುವುದು ಸಂಪಾದಕನ ಕೆಲಸ. ಹೊತ್ತನ್ನು ನೋಡಿ ಮಾಡುವುದು ರಾಜ್ಯಭಾರ ಹೊತ್ತವನ ಕೆಲಸ. ಒತ್ತಾಯಿಸುವವನಿಲ್ಲದಿದ್ದರೆ ಹೊತ್ತು ನೋಡುವವನು ನೋಡುತ್ತಲೇ ಕುಳಿತಿರಬಹುದು. 1863ರ ಜುಲೈ ತಿಂಗಳಲ್ಲಿ ಕಡ್ಡಾಯ ಸೈನ್ಯಸೇವೆಯ ವಿರುದ್ಧ ನ್ಯೂಯಾರ್ಕಿನಲ್ಲಿ ದಂಗೆಯೆದ್ದ ಗುಂಪು ಟ್ರಿಬ್ಯೂನ್ ಕಚೇರಿಯ ಮೇಲೆ ಬಿದ್ದುದು, ಆ ಒತ್ತಾಯದ ಬಲ ಎಷ್ಟಿತ್ತೆಂಬುದಕ್ಕೆ ಶತ್ರುಗಳು ಕೊಟ್ಟ ಸಾಕ್ಷ್ಯ.

ಯುದ್ಧ ಮುಗಿಯಿತು. ದಕ್ಷಿಣದ ಬಂಡಾಯ ಸರ್ಕಾರದ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸನು ವಿಚಾರಣೆಯೇ ಇಲ್ಲದೆ ಎರಡು ವರ್ಷ ಸೆರೆಯಲ್ಲಿದ್ದನು. ವಿಚಾರಣೆ ಮಾಡಿರಿ, ಇಲ್ಲವೆ ಬಿಡಿರಿ, ಎಂಬುದು ಗ್ರೀಲಿಯ ವಾದ. ವಾದ ಮಾತ್ರವಲ್ಲ, 1867ರ ಮೇ 13ರಂದು ತಾನೇ ರಿಚ್‌ಮಂಡಿಗೆ ಹೋಗಿ, 1,00,000 ಡಾಲರುಗಳ ಜಾಮೀನು ಪತ್ರಕ್ಕೆ ಸಹಿ ಹಾಕಿದವರಲ್ಲಿ ಒಬ್ಬನಾದನು. ಮಕ್ಕಳನ್ನು ರಣರಂಗದಲ್ಲಿ ಕಳೆದುಕೊಂಡಿದ್ದ ಉತ್ತರದ ಮನೆಗಳಲ್ಲಿ ಇದರಿಂದ ಎದ್ದ ಕೋಪವನ್ನು ಊಹಿಸಬಹುದು. ವಾರದ ಪತ್ರಿಕೆಯ ಚಂದಾದಾರರು ಸಾವಿರಗಟ್ಟಲೆಯಾಗಿ ಬಿಟ್ಟುಹೋದರು. ಯುದ್ಧವನ್ನು ಕುರಿತು ಅವನು ಬರೆದಿದ್ದ ಇತಿಹಾಸಗ್ರಂಥದ ಮಾರಾಟ ಕುಸಿಯಿತು. ನ್ಯೂಯಾರ್ಕಿನ ಯೂನಿಯನ್ ಲೀಗ್ ಕ್ಲಬ್ಬು ಅವನನ್ನು ಖಂಡಿಸಲು ಸಭೆ ಕರೆಯಿತು. ಗ್ರೀಲಿ ಕ್ಷಮೆ ಕೇಳಲಿಲ್ಲ; ತನ್ನ ಜೀವಮಾನದಲ್ಲಿ ಈ ಸಹಿಗಿಂತ ಹೆಚ್ಚು ವಿವೇಕದ ಕೆಲಸವನ್ನು ತಾನು ಮಾಡಿಲ್ಲವೆಂಬಂತೆ ಖಂಡತುಂಡವಾದ ಉತ್ತರ ಬರೆದನು. ಖಂಡನೆಯ ನಿರ್ಣಯ ಅಂಗೀಕೃತವಾಗಲಿಲ್ಲ. ಹೋದ ಚಂದಾದಾರರು ಮಾತ್ರ ಹೋದರು.

ಇಲ್ಲಿಗೆ ಅವನ ಚರಿತ್ರೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ 1866, 1869, 1870, ಈ ಮೂರು ವರ್ಷಗಳಲ್ಲಿಯೂ ಅವನು ಬೇರೆ ಬೇರೆ ಸ್ಥಾನಗಳಿಗೆ ನಿಂತು ಸೋತನು. ಅಷ್ಟರಲ್ಲಿ ಯುದ್ಧವೀರನಾದ ಗ್ರಾಂಟನು ರಾಷ್ಟ್ರಾಧ್ಯಕ್ಷನಾಗಿ, ಅವನ ಆಡಳಿತದಲ್ಲಿ ಲಂಚಕೋರತನ ಹಬ್ಬಿತ್ತು. ಇದರಿಂದ ಬೇಸತ್ತ ರಿಪಬ್ಲಿಕನ್ನರಲ್ಲಿ ಕೆಲವರು ಬೇರೆಯಾಗಿ, ಆಡಳಿತ ಸುಧಾರಣೆಯನ್ನೂ ದಕ್ಷಿಣದವರಿಗೆ ಪೂರ್ಣ ಕ್ಷಮೆಯನ್ನೂ ಕೋರಿ, 1872ರ ಮೇ ತಿಂಗಳಲ್ಲಿ ಸಿನ್ಸಿನಾಟಿ ನಗರದಲ್ಲಿ ಸೇರಿದರು. ಆರನೆಯ ಸಲದ ಮತಗಣನೆಯಲ್ಲಿ ಗ್ರೀಲಿ ಅವರ ಉಮೇದುವಾರನಾದನು. ಆ ಗುಂಪಿನ ಮುಖಂಡರಲ್ಲಿ ಅನೇಕರು ಸುಂಕವಿಲ್ಲದ ವ್ಯಾಪಾರವನ್ನು ಬಯಸುವವರು. ಗ್ರೀಲಿಯಾದರೋ ಮೂವತ್ತು ವರ್ಷ ರಕ್ಷಣಾಸುಂಕವನ್ನೇ ಜಪಿಸಿದವನು. ಜುಲೈ ತಿಂಗಳಲ್ಲಿ ಡೆಮೊಕ್ರಾಟಿಕ್ ಪಕ್ಷವೂ ಬಾಲ್ಟಿಮೋರಿನಲ್ಲಿ ಸಭೆ ಸೇರಿ, ಬೇರೆ ಗತಿಯಿಲ್ಲದೆ, ಅವನನ್ನೇ ತನ್ನ ಉಮೇದುವಾರನೆಂದು ಒಪ್ಪಿತು. ಯಾವ ಪಕ್ಷವನ್ನು ಅವನು ತನ್ನ ಅಗ್ರಲೇಖನಗಳಲ್ಲಿ ದಿನಬೆಳಗಾದರೆ ಬಯ್ದಿದ್ದನೋ, ಆ ಪಕ್ಷದವರ ಮತವನ್ನೇ ಈಗ ಬೇಡಬೇಕಾಯಿತು.

ಆಡಿದ ಮಾತು ಗಾಳಿಯಲ್ಲಿ ಹೋಗಬಹುದು. ಅಚ್ಚಾದ ಮಾತು ಕಡತದಲ್ಲಿ ಉಳಿಯುತ್ತದೆ. ಗ್ರೀಲಿಯನ್ನು ಸೋಲಿಸಲು ವಿರೋಧಿಗಳು ಹೊಸ ಆಯುಧವನ್ನು ಹುಡುಕಬೇಕಾಗಿರಲಿಲ್ಲ. ಟ್ರಿಬ್ಯೂನಿನ ಹಳೆಯ ಸಂಚಿಕೆಗಳನ್ನು ತೆರೆದರೆ ಸಾಕಾಗಿತ್ತು. ಡೆಮೊಕ್ರಾಟರನ್ನು ಕುರಿತು ಅವನೇ ಬರೆದ ಬೈಗುಳು, ಯುದ್ಧದ ವಿಷಯದಲ್ಲಿ ಅವನೇ ಬದಲಾಯಿಸಿದ ಅಭಿಪ್ರಾಯಗಳು, ಎಲ್ಲವೂ ಅಲ್ಲಿದ್ದುವು. ಟಾಮಸ್ ನ್ಯಾಸ್ಟ್ ಎಂಬ ಚಿತ್ರಕಾರನು 'ಹಾರ್ಪರ್ಸ್ ವೀಕ್ಲಿ'ಯಲ್ಲಿ ವಾರವಾರವೂ ಅವನ ಟೋಪಿಯನ್ನೂ ನಿಲುವಂಗಿಯನ್ನೂ ಚಿತ್ರಿಸಿ ನಗೆಗೀಡುಮಾಡಿದನು. ಇವು ಪರಿಹಾಸ್ಯದ ಮಾತು. ಪರಿಹಾಸ್ಯವಲ್ಲದ ಒಂದು ಆಕ್ಷೇಪವೂ ಇತ್ತು. ದಕ್ಷಿಣದಲ್ಲಿ ಬಿಡುಗಡೆ ಹೊಂದಿದ ಕರಿಯ ಜನರು ಕೂ ಕ್ಲಕ್ಸ್ ಕ್ಲಾನ್ ಎಂಬ ಗುಪ್ತಸಂಘದ ಹಿಂಸೆಗೆ ಗುರಿಯಾಗಿದ್ದರು. 1871ರಲ್ಲಿ ಅದನ್ನಡಗಿಸಲು ಶಾಸನ ಮಾಡಿದುದು ಗ್ರಾಂಟನ ಸರ್ಕಾರ. ಹಳೆಯ ಒಡೆಯರೊಡನೆ ಕೈಕುಲುಕೋಣವೆಂಬ ಗ್ರೀಲಿಯ ಮಾತು ಉದಾರವಾಗಿತ್ತು. ಆದರೆ ಅದರ ಬೆಲೆಯನ್ನು ಕೊಡಬೇಕಾದವರು ಆ ಕರಿಯ ಜನರು. ತಾನೇ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದು ಮಹಾವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ ಗ್ರಾಂಟನ ಪಕ್ಷ ವಹಿಸಿದನು. ಗುಲಾಮರ ಬಿಡುಗಡೆಗಾಗಿ ಜೀವಮಾನವೆಲ್ಲ ಬರೆದವನಿಗೆ ಇದಕ್ಕಿಂತ ನೋವಿನ ತೀರ್ಪು ಇರಲಾರದು.

ಸೆಪ್ಟೆಂಬರಿನಲ್ಲಿ ಅವನು ಊರೂರು ಸುತ್ತಿ ಭಾಷಣ ಮಾಡಿದನು. ಭಾಷಣಗಳು ಚೆನ್ನಾಗಿದ್ದುವೆಂದು ವಿರೋಧಿಗಳೂ ಒಪ್ಪಿದರು. ಬಂದು ನೋಡಿದರೆ ಹೆಂಡತಿ ಮೇರಿ ಮರಣಶಯ್ಯೆಯಲ್ಲಿದ್ದಳು. ಚುನಾವಣೆಗೆ ಆರು ದಿನವಿರುವಾಗ, ಅಕ್ಟೋಬರ್ 30ರಂದು, ಆಕೆ ತೀರಿಕೊಂಡಳು. ಅವರಿಗೆ ಹುಟ್ಟಿದ ಏಳು ಮಕ್ಕಳಲ್ಲಿ ಉಳಿದವರು ಇಬ್ಬರು ಹೆಣ್ಣುಮಕ್ಕಳು. ನವೆಂಬರ್ 5ರಂದು ಮತದಾನ ನಡೆಯಿತು. ಗ್ರಾಂಟನಿಗೆ ಸುಮಾರು 36 ಲಕ್ಷ, ಗ್ರೀಲಿಗೆ ಸುಮಾರು 28 ಲಕ್ಷ ಮತಗಳು ಬಂದುವು. ಅವನು ಗೆದ್ದುದು ಆರು ಸಂಸ್ಥಾನಗಳನ್ನು ಮಾತ್ರ.

ಉಮೇದುವಾರನಾಗಿದ್ದಾಗ ಅವನು ಸಂಪಾದಕತ್ವವನ್ನು ಬಿಟ್ಟುಕೊಟ್ಟಿದ್ದನು. ಅದು ಅವನ ಮರ್ಯಾದೆ. ನವೆಂಬರ್ 7ರ ಸಂಚಿಕೆಯಲ್ಲಿ ತಾನು ಮತ್ತೆ ಆ ಕೆಲಸಕ್ಕೆ ಬಂದಿರುವುದಾಗಿಯೂ, ಪತ್ರಿಕೆ ಇನ್ನು ಮೇಲೆ ಸ್ವತಂತ್ರವಾಗಿ ನಡೆಯುವುದಾಗಿಯೂ ಪ್ರಕಟಿಸಿದನು. ಆದರೆ ಅದೇ ಸಂಚಿಕೆಯಲ್ಲಿ, ಅವನಿಗೆ ತಿಳಿಯದೆ, ಇನ್ನು ಪದವಿಗಾಗಿ ಬೇಡುವವರ ಕಾಟ ಕಚೇರಿಗೆ ತಪ್ಪಿತೆಂದು ಹಾಸ್ಯಮಾಡುವ ಲೇಖನವೊಂದು ಬಂದಿತ್ತು. ಅದು ತನ್ನದಲ್ಲವೆಂದು ಗ್ರೀಲಿ ಬರೆದುಕೊಟ್ಟ ನಿರಾಕರಣೆಯನ್ನು, ಅವನ ಸ್ಥಾನದಲ್ಲಿ ಪತ್ರಿಕೆಯನ್ನು ನಡೆಸುತ್ತಿದ್ದ ವೈಟ್‌ಲಾ ರೀಡನು ಅಚ್ಚುಹಾಕಲಿಲ್ಲ. ಷೇರುಗಳನ್ನು ವರ್ಷವರ್ಷವೂ ಮಾರಿಕೊಂಡು ಬಂದಿದ್ದ ಗ್ರೀಲಿಯ ಕೈಯಲ್ಲಿ ಆಗ ಉಳಿದಿದ್ದುವು ಕೆಲವೇ. ತಾನು ಕಟ್ಟಿದ ಪತ್ರಿಕೆಯಲ್ಲಿ ತನ್ನ ನಾಲ್ಕು ಸಾಲುಗಳಿಗೆ ಸ್ಥಳವಿಲ್ಲವೆಂದು ತಿಳಿದ ದಿನವೇ ಆ ಮನುಷ್ಯನ ನಿಜವಾದ ಸೋಲಿನ ದಿನ. ಬುದ್ಧಿಯೂ ದೇಹವೂ ಒಟ್ಟಿಗೆ ಕುಸಿದುವು. ನವೆಂಬರ್ 29ರಂದು, ಅರುವತ್ತೊಂದನೆಯ ವಯಸ್ಸಿನಲ್ಲಿ, ಅವನು ಕಣ್ಣುಮುಚ್ಚಿದನು.

ಅಮೆರಿಕದ ಪದ್ಧತಿಯಂತೆ ಜನರು ಆರಿಸಿದ ಪ್ರತಿನಿಧಿಗಳು ಬಳಿಕ ಸೇರಿ ಅಧ್ಯಕ್ಷನಿಗೆ ಮತ ಕೊಡಬೇಕು. ಗ್ರೀಲಿಯ ಪಾಲಿಗೆ ಬಂದಿದ್ದ 66 ಪ್ರತಿನಿಧಿಗಳು ಸೇರುವ ಹೊತ್ತಿಗೆ ಅವನು ಇರಲಿಲ್ಲ. 63 ಮತಗಳು ಇತರರಿಗೆ ಹಂಚಿಹೋದುವು. ಜಾರ್ಜಿಯಾ ಸಂಸ್ಥಾನದ ಮೂವರು ಮಾತ್ರ ಸತ್ತವನ ಹೆಸರಿಗೇ ಮತ ಹಾಕಿದರು. ಕಾಂಗ್ರೆಸ್ಸು ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಡಿಸೆಂಬರ್ 4ರಂದು ನಡೆದ ಅಂತ್ಯಯಾತ್ರೆಗೆ ಅವನನ್ನು ಸೋಲಿಸಿದ ಗ್ರಾಂಟನೇ ಬಂದಿದ್ದನು.

ಈ ಚರಿತ್ರೆಯಿಂದ, ಪತ್ರಿಕಾಕರ್ತನು ರಾಜಕೀಯಕ್ಕೆ ಇಳಿಯಲೇಬಾರದೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಗ್ರೀಲಿ ರಾಜಕೀಯದಿಂದ ಹೊರಗಿದ್ದ ದಿನವೇ ಇಲ್ಲ. ಅವನು ಮಸೂದೆಯಾಗಿ ತಂದು ಸೋತ ಭೂಮಿಹಂಚಿಕೆಯ ವಿಚಾರವನ್ನು ಪತ್ರಿಕೆಯಲ್ಲಿ ಬಿಡದೆ ಬರೆದುದರಿಂದ ಜನಮತ ಬೆಳೆಯಿತು. 1862ರಲ್ಲಿ ಲಿಂಕನ್ ಸಹಿ ಹಾಕಿದ ಶಾಸನವು ಒಬ್ಬೊಬ್ಬ ಒಕ್ಕಲಿಗನಿಗೆ 160 ಎಕರೆ ನೆಲವನ್ನು ದೊರಕಿಸಿತು. ಅದು ರಾಜಕೀಯವಲ್ಲದೆ ಮತ್ತೇನು? ನಾವು ಆಲೋಚಿಸಬೇಕಾದುದು ಬೇರೆ. ಗ್ರೀಲಿ ತನ್ನ ಓದುಗರ ನಂಬಿಕೆಯನ್ನು ಎರಡು ಸಲ ಪಣವಾಗಿ ಒಡ್ಡಿದನು. 1867ರಲ್ಲಿ ಶತ್ರುವಿಗೂ ನ್ಯಾಯ ಸಿಗಲೆಂದು ಒಡ್ಡಿದನು. 1872ರಲ್ಲಿ ತನಗೆ ಪದವಿ ಸಿಗಲೆಂದು ಒಡ್ಡಿದನು. ಎರಡು ಸಲವೂ ನಷ್ಟವಾಯಿತು. ಮೊದಲನೆಯ ನಷ್ಟದ ಮರುದಿನ ಅವನು ಎಂದಿನಂತೆ ಕಚೇರಿಗೆ ಹೋಗಿ ಬರೆಯಲು ಕುಳಿತನು. ಎರಡನೆಯ ನಷ್ಟದ ಬಳಿಕ ಬರೆಯಲು ಕುಳಿತಾಗ ಅವನ ಬರಹವನ್ನು ಅಚ್ಚುಹಾಕುವವರಿರಲಿಲ್ಲ.